ನನಗೊಂದು ಬೇರೆ ಪಾರ್ಟು ಕೊಡಿ



ಒಂದು ಸಂಜೆ ಜೋಗುಪಾಳ್ಯದಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರಿಗೆ ಪರಮಪ್ರಸಾದ ಕೊಟ್ಟು ಓಣಿಯಲ್ಲಿ ನಡೆದು ಬರುತ್ತಿದ್ದೆ. ಮನೆಯೊಂದರ ಮೆಟ್ಟಿಲ ಮೇಲೆ ನಾಲ್ಕು ಹುಡುಗರು ಮೊಬೈಲ್ ಹಿಡಿದು ತಲೆ ಬಗ್ಗಿಸಿ ಕುಳಿತಿದ್ದರು. ಇದ್ದಕ್ಕಿದ್ದಂತೆ ಅವರಲ್ಲೊಬ್ಬ, "ಮಚ್ಚಾ, ನಾನು ಬಿದ್ದೆ! ಬೇಗ ಬಂದು ಎಬ್ಬಿಸೋ!" ಎಂದು ಕೂಗಿಕೊಂಡ. ಗಾಬರಿಯಿಂದ ತಿರುಗಿ ನೋಡಿದೆ. ಹುಡುಗ ಕುಳಿತಲ್ಲೇ ಕ್ಷೇಮವಾಗಿದ್ದ. ಬಿದ್ದವನು ಮೊಬೈಲಿನೊಳಗಿನ ಸಿಪಾಯಿ. ಸ್ವಲ್ಪ ಹೊತ್ತಿಗೆ ಅದೇ ಹುಡುಗ, "ಅಯ್ಯೋ, ನಾನು ಸತ್ತೋದೆ" ಎಂದು ನಿಟ್ಟುಸಿರು ಬಿಟ್ಟು, ನನ್ನನ್ನು ಕಂಡು ನಾಚಿ ಎದ್ದು ನಿಂತ.

ಆ ಮಾತು ಮನೆಯವರೆಗೂ ನನ್ನ ಜೊತೆ ಬಂತು. ಅವನು "ನನ್ನ ಸಿಪಾಯಿ ಸತ್ತ" ಎನ್ನಲಿಲ್ಲ, "ನಾನು ಸತ್ತೆ" ಎಂದ. ಇವನ ಅಜ್ಜನ ಕಾಲದವರು 1972ರ 'ನಾಗರಹಾವು' ಚಿತ್ರ ನೋಡಿ ಕಣ್ಣೊರೆಸಿಕೊಂಡು ಹೊರಬಂದಾಗ ಏನೆಂದಿರಬೇಕು? "ಪಾಪ, ರಾಮಾಚಾರಿ ಸತ್ತ" ಎಂದಿರಬೇಕು. "ನಾನು ಸತ್ತೆ" ಎಂದು ಯಾರೂ ಹೇಳಿರಲಾರರು. ಸಿನಿಮಾದಲ್ಲಿ 'ಅವನು' ಆಗಿದ್ದವನು ಆಟದಲ್ಲಿ 'ನಾನು' ಆಗಿದ್ದಾನೆ. ಇದು ಬರೀ ವ್ಯಾಕರಣದ ವಿಷಯವೇ? ಅಥವಾ ನಮ್ಮ ಮಕ್ಕಳ ಆತ್ಮದ ವಿಷಯವೇ? ಇಂದು ನಿಮ್ಮೊಡನೆ ಆಲೋಚಿಸಬೇಕೆಂದಿರುವುದು ಇದನ್ನೇ.

'ನಾಗರಹಾವು' ಚಿತ್ರವನ್ನೇ ತೆಗೆದುಕೊಳ್ಳಿ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಅದನ್ನು ನಿರ್ದೇಶಿಸಿದರು. ಕಥೆ ಚಿತ್ರದುರ್ಗದ ಒಬ್ಬ ಮುಂಗೋಪಿ ಹುಡುಗನದು. ಊರಿನ ಕಣ್ಣಿಗೆ ಅವನು ಪುಂಡ. ಅವನೊಳಗಿನ ಒಳ್ಳೆಯತನ ಕಂಡವರು ಇಬ್ಬರೇ, ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ. ಈ ಕಥೆಯನ್ನು ಹಾಳೆಯ ಮೇಲೆ ಓದುವುದು ಒಂದು ಅನುಭವ. ಅದಕ್ಕೆ ಮುಖಗಳನ್ನು ಕೊಟ್ಟಾಗ ಆದದ್ದೇ ಬೇರೆ. ಆಗಷ್ಟೇ ಚಿತ್ರರಂಗಕ್ಕೆ ಕಾಲಿಟ್ಟಿದ್ದ ಸಂಪತ್ ಕುಮಾರ್ ಎಂಬ ಯುವಕ ವಿಷ್ಣುವರ್ಧನ್ ಎಂಬ ಹೊಸ ಹೆಸರಿನಲ್ಲಿ ರಾಮಾಚಾರಿಯಾದರು. ಜಲೀಲನ ಚಿಕ್ಕ ಪಾತ್ರ ಮಾಡಿದ ಹೊಸ ಹುಡುಗ ಮುಂದೆ ನಾಡಿಗೆಲ್ಲ ಪರಿಚಿತರಾದ ಅಂಬರೀಶ್. ಮೇಷ್ಟ್ರಾಗಿ ಬಂದವರು ಕೆ.ಎಸ್. ಅಶ್ವಥ್. 2010ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಜನರಿಗೆ ಚಾಮಯ್ಯ ಮೇಷ್ಟ್ರೇ ಹೋದಂತಾಯಿತು. ಬೇರೊಬ್ಬರು ಆ ಪಾತ್ರ ಮಾಡಿದ್ದರೆ ಮಾತುಗಳು ಅವೇ ಇರುತ್ತಿದ್ದವು, ಆದರೆ ಆ ಮೇಷ್ಟ್ರು ಇರುತ್ತಿರಲಿಲ್ಲ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ನಾಟಕಕ್ಕೆ ಕಥೆಯೇ ಜೀವ, ಪಾತ್ರಗಳ ಗುಣ ಎರಡನೆಯದು ಎಂದು ತೀರ್ಮಾನಿಸಿದ. ಗುರುಮಠದಲ್ಲಿ ಅದನ್ನು ಓದಿದಾಗ ನಾನೂ ತಲೆದೂಗಿದ್ದೆ. ಈಗ ಅಷ್ಟು ಸುಲಭವಾಗಿ ಒಪ್ಪಲಾರೆ. ಪಾತ್ರವನ್ನು ಯಾರು ಹೊತ್ತಿದ್ದಾರೆ ಎಂಬುದು ಕಥೆಯನ್ನೇ ತಿದ್ದುತ್ತದೆ. ಪಾತ್ರವೂ ಹೊತ್ತವನನ್ನು ತಿದ್ದದೆ ಬಿಡುವುದಿಲ್ಲ.

ಅದೇ 1972ರಲ್ಲಿ ಬಂದ 'ಬಂಗಾರದ ಮನುಷ್ಯ' ಚಿತ್ರದಲ್ಲಿ ಡಾ. ರಾಜಕುಮಾರ್ ಹಳ್ಳಿಗೆ ಬಂದು ಬರಡು ನೆಲವನ್ನು ಹಸನು ಮಾಡುವ ರಾಜೀವನಾದರು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರ ಮಾತನ್ನು ಹಿರಿಯರು ಇಂದಿಗೂ ಆಡುತ್ತಾರೆ. ತಮ್ಮನ್ನು ನೋಡಿ ಜನ ಕಲಿಯುತ್ತಾರೆ ಎಂಬ ಅರಿವಿನಿಂದ ಅವರು ಸಾಮಾನ್ಯವಾಗಿ ತೆರೆಯ ಮೇಲೆ ಕುಡಿತ, ಸಿಗರೇಟುಗಳಿಂದ ದೂರ ಉಳಿದರು. ಅವರ ಮಗ ಪುನೀತ್ 1985ರ 'ಬೆಟ್ಟದ ಹೂವು' ಚಿತ್ರದಲ್ಲಿ, ತನಗೆ ಬೇಕಾಗಿದ್ದ ಪುಸ್ತಕಕ್ಕೆಂದು ಕೂಡಿಟ್ಟ ಕಾಸಿನಲ್ಲಿ ಮನೆಯವರಿಗೆ ಕಂಬಳಿ ಕೊಳ್ಳುವ ಬಡ ಹುಡುಗನಾಗಿ ರಾಷ್ಟ್ರಪ್ರಶಸ್ತಿ ಪಡೆದರು. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ತಂದೆಯಂತೆಯೇ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ನಾಲ್ವರಿಗೆ ದೃಷ್ಟಿ ಬಂತು. ಅದನ್ನು ನೋಡಿ ನೇತ್ರದಾನಕ್ಕೆ ಹೆಸರು ಬರೆಸಿದವರು ಸಾವಿರಾರು ಮಂದಿ. ತೆರೆಯ ಮೇಲಿನ ಪಾತ್ರ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಆರಂಭವಾದ ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ.

"ಹಾಗಾದರೆ ಕೆಟ್ಟ ಪಾತ್ರ ಮಾಡಿದವನು ಕೆಟ್ಟವನಾಗುತ್ತಾನೆಯೇ ಫಾದರ್?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಟ ವಜ್ರಮುನಿ ರಂಗದ ಮೇಲೆ ರಾವಣನಾಗಿ ಹೆಸರು ಮಾಡಿ, 1969ರ 'ಮಲ್ಲಮ್ಮನ ಪವಾಡ'ದಿಂದ ಚಿತ್ರರಂಗಕ್ಕೆ ಬಂದು, ಮುಂದೆ ಎಷ್ಟೋ ಚಿತ್ರಗಳಲ್ಲಿ ಖಳನಾದರು. ಅವರ ದನಿ ಕೇಳಿದರೆ ಮಕ್ಕಳು ತಾಯಿಯ ಸೆರಗಿನ ಹಿಂದೆ ಅಡಗುತ್ತಿದ್ದರು. ಆದರೂ ಅವರನ್ನು ಬಲ್ಲವರು ನೆನೆಯುವುದು ಮೃದು ಸ್ವಭಾವದ ಮನುಷ್ಯರೆಂದೇ. ಒಳ್ಳೆಯ ಕೆಲಸ ಮಾಡುತ್ತಾ ಮಾಡುತ್ತಾ ಒಳ್ಳೆಯವರಾಗುತ್ತೇವೆ ಎಂದು ಅದೇ ಅರಿಸ್ಟಾಟಲ್ ಹೇಳುತ್ತಾನಲ್ಲ, ಇಷ್ಟು ವರ್ಷ ಕೆಟ್ಟ ಕೆಲಸಗಳ ಅಭಿನಯ ಮಾಡಿದವರು ಕೆಡಲಿಲ್ಲವೇಕೆ?

ನನಗೆ ತೋಚುವ ಉತ್ತರ ಇದು. ವಜ್ರಮುನಿ ಸಂಜೆ ಬಣ್ಣ ಒರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅವರಿಗೆ ಬೇರೆ ಪಾತ್ರಗಳಿದ್ದವು. ಅಷ್ಟೇ ಅಲ್ಲ, ಅವರು ತೆರೆಯ ಮೇಲೆ ಮಾಡಿದ ಕೇಡನ್ನು ಕಥೆಯೇ ಕೇಡೆಂದು ತೋರಿಸುತ್ತಿತ್ತು. ಮುಖವಾಡ ತೊಟ್ಟಿದ್ದೇನೆಂದು ಬಲ್ಲವನಿಗೆ ಮುಖವಾಡದಿಂದ ಅಪಾಯ ಕಡಿಮೆ. ಅದನ್ನು ಕಳಚಲಾರದವನಿಗೆ, ಬೇರೆ ಮುಖವೇ ಇಲ್ಲದವನಿಗೆ, ಅಪಾಯ ಹೆಚ್ಚು.

ಈಗ ಮೆಟ್ಟಿಲ ಮೇಲಿನ ಹುಡುಗರ ಬಳಿಗೆ ಮರಳೋಣ. ಅವರು ಆಡುವಂಥ ಆಟದಲ್ಲಿ ನೂರು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಯವರೆಗೆ ಉಳಿದವರಿಗೆ ಗೆಲುವು. ಆ ಸಿಪಾಯಿಗೆ ಹೆತ್ತವರಿಲ್ಲ, ಊರಿಲ್ಲ, ಚಾಮಯ್ಯ ಮೇಷ್ಟ್ರಿಲ್ಲ. ಬಟ್ಟೆ ಬದಲಿಸಬಹುದು, ಸ್ವಭಾವ ಬದಲಿಸಲು ಸ್ವಭಾವವೇ ಇಲ್ಲ. ಖಾಲಿ ಪಾತ್ರವಾದ್ದರಿಂದಲೇ ಹುಡುಗ ಅದರೊಳಗೆ ಸುಲಭವಾಗಿ 'ನಾನು' ಎಂದು ಸೇರಿಕೊಳ್ಳುತ್ತಾನೆ.

ಎಲ್ಲ ಆಟಗಳೂ ಹೀಗಿಲ್ಲ. 2013ರಲ್ಲಿ ಅಮೆರಿಕದಿಂದ ಬಂದ 'ದಿ ಲಾಸ್ಟ್ ಆಫ್ ಅಸ್' ಎಂಬ ಆಟದಲ್ಲಿ ಮಗಳನ್ನು ಕಳೆದುಕೊಂಡ ಜೋಯಲ್ ಎಂಬ ಒರಟ, ಎಲ್ಲಿ ಎಂಬ 14 ವರ್ಷದ ಹುಡುಗಿಯನ್ನು ದೇಶದ ಉದ್ದಕ್ಕೂ ಕಾಪಾಡಿಕೊಂಡು ಹೋಗುತ್ತಾನೆ. ಟ್ರಾಯ್ ಬೇಕರ್ ಮತ್ತು ಆ್ಯಶ್ಲಿ ಜಾನ್ಸನ್ ಎಂಬ ನಟ ನಟಿಯರು ದನಿ ಕೊಟ್ಟದ್ದಷ್ಟೇ ಅಲ್ಲ, ವಿಶೇಷ ಉಡುಪು ತೊಟ್ಟು ದೃಶ್ಯಗಳನ್ನು ಅಭಿನಯಿಸಿದರು. ಅವರ ಚಲನೆಯ ಮೇಲೆ ಕಂಪ್ಯೂಟರ್ ಚಿತ್ರ ಕಟ್ಟಲಾಯಿತು. ಕೊನೆಯಲ್ಲಿ ಹುಡುಗಿಯ ಜೀವ ತೆಗೆದರೆ ಮನುಕುಲಕ್ಕೆ ಮದ್ದು ಸಿಗಬಹುದು ಎಂಬ ಸಂದರ್ಭ. ಜೋಯಲ್ ವೈದ್ಯನನ್ನು ಕೊಂದು ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾನೆ, ಆಮೇಲೆ ಅವಳಿಗೆ ಸುಳ್ಳು ಹೇಳುತ್ತಾನೆ. ಆ ವೈದ್ಯನನ್ನು ಕೊಲ್ಲುವ ಗುಂಡಿ ಒತ್ತಬೇಕಾದವನು ಆಡುವವನೇ. ಒತ್ತದಿದ್ದರೆ ಕಥೆ ಮುಂದೆ ಹೋಗದು. ಕಾಲೇಜು ಹುಡುಗನೊಬ್ಬ ನನಗೆ ಹೇಳಿದ: "ಅಲ್ಲಿ ನನ್ನ ಬೆರಳು ನಿಂತುಬಿಡ್ತು ಫಾದರ್." ನನಗೆ ಸಂತೋಷವಾಯಿತು. ಬೆರಳು ನಿಂತದ್ದು ಆ ಪಾತ್ರಗಳಿಗೆ ಮುಖವಿದ್ದುದರಿಂದ, ಆ ಮುಖಗಳ ಹಿಂದೆ ನಿಜವಾದ ಮನುಷ್ಯರು ಉಸಿರು ಸುರಿದಿದ್ದರಿಂದ.

ಈ ಉಸಿರಿನ ಬೆಲೆ ನಮ್ಮ ಜನಕ್ಕೂ ಗೊತ್ತು. ಪುನೀತ್ ತೀರಿಕೊಂಡ ಮೇಲೆ 2022ರ ಮಾರ್ಚ್‌ನಲ್ಲಿ 'ಜೇಮ್ಸ್' ಚಿತ್ರ ಬಂದಾಗ ಅವರ ಪಾತ್ರಕ್ಕೆ ಅಣ್ಣ ಶಿವರಾಜಕುಮಾರ್ ದನಿ ಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿ ಅಳವಡಿಸಿ ಚಿತ್ರವನ್ನು ಮತ್ತೆ ತೋರಿಸಿದರು. ಅಮೆರಿಕದಲ್ಲಿ ವಿಡಿಯೋ ಆಟಗಳ ಕಲಾವಿದರು ತಮ್ಮ ದನಿ, ಚಲನೆಗಳನ್ನು ಕೃತಕ ಬುದ್ಧಿಮತ್ತೆ ಕೇಳದೆ ಬಳಸಬಾರದೆಂದು 2024ರ ಜುಲೈನಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಹೂಡಿ 2025ರಲ್ಲಿ ಹೊಸ ಒಪ್ಪಂದ ಪಡೆದರು. ಇಲ್ಲಿ ಪ್ರೀತಿ, ಅಲ್ಲಿ ಹಕ್ಕು. ಆದರೆ ಎರಡೂ ಹೇಳುವುದು ಒಂದೇ ಮಾತು: ಮನುಷ್ಯನನ್ನು ಅವನ ಪಾತ್ರದಿಂದ ಸುಲಿದು ತೆಗೆಯಲಾಗದು.

ನಮ್ಮ ಧರ್ಮಸಭೆಗೆ ಈ ಮಾತು ಹೊಸದಲ್ಲ. ಲತೀನ್ ಭಾಷೆಯ 'ಪೆರ್ಸೋನ' ಎಂಬ ಪದಕ್ಕೆ ರಂಗದ ಮುಖವಾಡ, ನಾಟಕದ ಪಾತ್ರ ಎಂಬ ಅರ್ಥಗಳಿದ್ದವು. ಪವಿತ್ರ ತ್ರಿತ್ವದ ಬಗ್ಗೆ ಮಾತನಾಡಲು ನಮ್ಮ ಸಭಾಪಿತೃಗಳು ಆ ಪದವನ್ನೇ ಎತ್ತಿಕೊಂಡರು. ಹಾಗೆ ಮುಖವಾಡವನ್ನು ಸೂಚಿಸುತ್ತಿದ್ದ ಪದ ಕಾಲಕ್ರಮದಲ್ಲಿ ಮುಖವಾಡದ ಹಿಂದಿನ ಜೀವವನ್ನೇ, ಬದಲಿಯಿಲ್ಲದ ವ್ಯಕ್ತಿಯನ್ನೇ ಸೂಚಿಸತೊಡಗಿತು. ಯೇಸುಸ್ವಾಮಿ ಫರಿಸಾಯರನ್ನು ಕಪಟಿಗಳೆಂದು ಕರೆದಾಗ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದಕ್ಕೆ ನಟ ಎಂಬ ಅರ್ಥವೂ ಇದೆ. ಸ್ವಾಮಿಗೆ ನಟರ ಮೇಲೆ ಸಿಟ್ಟಿರಲಿಲ್ಲ. ಬಣ್ಣ ಒರೆಸಿಕೊಳ್ಳದೆ ಅದನ್ನೇ ಚರ್ಮವೆಂದು ನಂಬಿದವರ ಬಗ್ಗೆ ಅವರಿಗೆ ನೋವಿತ್ತು.

ಇಷ್ಟೆಲ್ಲ ಬರೆಯುವ ನಾನೇ ಒಮ್ಮೆ ಎಡವಿದ್ದೇನೆ. ಹೊಸದಾಗಿ ಗುರುದೀಕ್ಷೆ ಪಡೆದು ಸಹಾಯಕ ಗುರುವಾಗಿದ್ದ ದಿನಗಳು. ಪ್ರತಿ ತಪಸ್ಸುಕಾಲದಲ್ಲೂ ಯುವಕರಿಂದ ಯೇಸುಸ್ವಾಮಿಯ ಪಾಡಿನ ನಾಟಕ ಆಡಿಸುತ್ತಿದ್ದೆ. ಗೋಡೆಗೆ ಬಣ್ಣ ಬಳಿಯುವ ಕೆಲಸದ ಒಬ್ಬ ಹುಡುಗನಿದ್ದ. ಯಾವುದೋ ಜಗಳದಲ್ಲಿ ಒಂದು ರಾತ್ರಿ ಪೊಲೀಸ್ ಠಾಣೆಯಲ್ಲಿ ಕಳೆದಿದ್ದ. ದಪ್ಪ ಹುಬ್ಬು, ಕೆಂಪು ಕಣ್ಣು. ಯೂದನ ಪಾರ್ಟಿಗೆ ಹೇಳಿ ಮಾಡಿಸಿದಂತಿದ್ದಾನೆ ಎಂದುಕೊಂಡೆ. ಬಹಳ ಚೆನ್ನಾಗಿ ಮಾಡಿದ. ಮರುವರ್ಷವೂ ಅವನೇ, ಅದರ ಮುಂದಿನ ವರ್ಷವೂ ಅವನೇ. ಅಷ್ಟರಲ್ಲಿ ಓಣಿಯ ಮಕ್ಕಳು ಅವನನ್ನು ಕಂಡಾಗಲೆಲ್ಲ "ಯೂದ, ಯೂದ" ಎಂದು ಓಡತೊಡಗಿದ್ದರು.

ನಾಲ್ಕನೆಯ ವರ್ಷ ಅವನು ಬಂದು ಕೇಳಿದ: "ಫಾದರ್, ಈ ಸಲ ನನಗೆ ಸಿಮೋನನ ಪಾರ್ಟು ಕೊಡ್ತೀರಾ? ಮಾತಿಲ್ಲದಿದ್ರೂ ಪರವಾಗಿಲ್ಲ." ಸ್ವಾಮಿಯ ಶಿಲುಬೆಗೆ ಹೆಗಲು ಕೊಟ್ಟ ಸಿರೇನ್ಯದ ಸಿಮೋನ. ನಾನು ನಕ್ಕು, "ನೀನು ಬಿಟ್ಟರೆ ಯೂದನ್ನ ಯಾರಪ್ಪಾ ಮಾಡ್ತಾರೆ?" ಎಂದೆ. ಅವನೂ ನಕ್ಕು ಹೊರಟುಹೋದ. ಆ ವರ್ಷ ನಾಟಕಕ್ಕೂ ಬರಲಿಲ್ಲ, ಪೂಜೆಗೂ ಬರಲಿಲ್ಲ.

ಈಸ್ಟರ್ ಕಳೆದ ಮೇಲೆ ಅವನ ಮನೆಗೆ ಹೋದೆ. ಅವನ ತಾಯಿ ಕಾಫಿ ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ಹೆಣ್ಣು ನೋಡೋಕೆ ಹೋದಲ್ಲೂ ಮಕ್ಕಳು ಹಂಗೇ ಕೂಗಿದ್ವು ಫಾದರ್." ನಾನು ಅವನ ಕೈ ಹಿಡಿದು ಕ್ಷಮೆ ಕೇಳಿದೆ. ಪೊಲೀಸರು ಅವನನ್ನು ಒಂದೇ ರಾತ್ರಿ ಕೂಡಿಹಾಕಿದ್ದರು, ನಾನು ಮೂರು ವರ್ಷ ಕೂಡಿಹಾಕಿದ್ದೆ.

ಮುಂದಿನ ತಪಸ್ಸುಕಾಲದಲ್ಲಿ ಅವನು ಸಿಮೋನನಾದ. ಬಡಗಿ ಮಾಡಿಕೊಟ್ಟ ಶಿಲುಬೆ ನಿಜಕ್ಕೂ ಭಾರವಿತ್ತು. ಮುಂದಿನ ಸಾಲಿನ ಮಗುವೊಂದು, "ಅಮ್ಮಾ, ಯೂದ ಶಿಲುಬೆ ಹೊತ್ಕೊಂಡ!" ಎಂದು ಕೂಗಿತು. ಜನ ನಕ್ಕರು, ಅವನೂ ನಕ್ಕ. ಆ ಸಲ ಯೂದನಾದವರು ನಿವೃತ್ತ ಶಾಲಾ ಮೇಷ್ಟ್ರು, ನಮ್ಮ ಧರ್ಮೋಪದೇಶಕರು. ಅವರನ್ನು ಯಾವ ಮಗುವೂ ಓಣಿಯಲ್ಲಿ ಯೂದನೆಂದು ಕರೆಯಲಿಲ್ಲ. ಏಕೆ ಗೊತ್ತೇ? ಮಕ್ಕಳ ಕಣ್ಣಿನಲ್ಲಿ ಅವರಿಗೆ ಬೇರೆ ಪಾತ್ರಗಳಿದ್ದವು. ಮೇಷ್ಟ್ರು, ತಾತ, ಮಿಠಾಯಿ ಕೊಡುವವರು. ನಮ್ಮ ಹುಡುಗನಿಗೆ ಒಂದೇ ಪಾತ್ರವಿತ್ತು, ಅದನ್ನು ಕೊಟ್ಟವನು ನಾನು.

ಪ್ರಿಯ ತಂದೆತಾಯಂದಿರೇ, ಮಗ ಮೊಬೈಲಿನಲ್ಲಿ ಸಿಪಾಯಿಯಾಗುವುದನ್ನು ಕಂಡು ಸಿಟ್ಟಾಗುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಮನೆಯಲ್ಲಿ ಅವನಿಗೆ ಯಾವ ಪಾತ್ರ ಕೊಟ್ಟಿದ್ದೇವೆ? "ಇವನು ದಡ್ಡ," "ಇವನು ಸೋಮಾರಿ," "ಅಣ್ಣನ ಹಾಗಲ್ಲ ಇವನು" ಎಂಬ ಪಾತ್ರವೇ? ಹಾಗಿದ್ದರೆ ಆ ದ್ವೀಪದಲ್ಲಿ ಅವನು 'ನಾನು' ಎನ್ನುವುದರಲ್ಲಿ ಆಶ್ಚರ್ಯವೇನು? ಅಲ್ಲಿ ಬಿದ್ದರೆ ಎಬ್ಬಿಸಲು ಗೆಳೆಯರಾದರೂ ಓಡಿ ಬರುತ್ತಾರೆ. ಆಟಕ್ಕೆ ಹೊತ್ತಿನ ಮಿತಿ ಇರಲಿ, ವಯಸ್ಸಿಗೆ ತಕ್ಕ ಆಟವಿರಲಿ, ಅದು ನಿಮ್ಮ ಹೊಣೆ. ಅದರ ಜೊತೆಗೆ ಪಕ್ಕದಲ್ಲಿ ಕುಳಿತು, "ಇವನು ಯಾರಪ್ಪಾ? ಯಾಕೆ ಗುಂಡು ಹೊಡೀತಾನೆ? ನಿನಗೆ ಅವನು ಇಷ್ಟವಾ?" ಎಂದು ಕೇಳಿ. ಉತ್ತರ ಹೇಳುತ್ತಾ ಹೇಳುತ್ತಾ ಅವನು 'ನಾನು' ಬಿಟ್ಟು 'ಅವನು' ಎನ್ನತೊಡಗುತ್ತಾನೆ. ಬಣ್ಣ ಒರೆಸಿಕೊಳ್ಳುವುದು ಅಲ್ಲಿಂದಲೇ ಶುರು.

ಯೇಸುಸ್ವಾಮಿ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನು ಎಬ್ಬಿಸಿ ಶಿಷ್ಯನ ಪಾತ್ರ ಕೊಟ್ಟರು. ಮೀನುಗಾರ ಸಿಮೋನನಿಗೆ ಪೇತ್ರನೆಂಬ ಹೊಸ ಹೆಸರನ್ನೇ ಇಟ್ಟರು. ಊರು ಕೊಟ್ಟ ಪಾತ್ರದಲ್ಲಿ ಅವರು ಯಾರನ್ನೂ ಬಿಟ್ಟುಹೋಗಲಿಲ್ಲ. ನಿಮ್ಮ ಮನೆಯಲ್ಲೂ ಯಾರೋ ಬಹಳ ವರ್ಷಗಳಿಂದ ಒಂದೇ ಪಾರ್ಟು ಮಾಡುತ್ತಾ ದಣಿದಿರಬಹುದು. ಅವರು ಬಂದು ಬೇರೊಂದು ಕೇಳಿದರೆ, ನನ್ನ ಹಾಗೆ ನಕ್ಕುಬಿಡಬೇಡಿ.