ಬಿಗಿದ ಬೋಲ್ಟನ್ನು ಮತ್ತೆ ಬಿಗಿಯುವುದು ಅಪನಂಬಿಕೆಯೆ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯ ಯಾಂತ್ರಿಕ ಮೀನುಗಾರಿಕೆ ಬೋಟುಗಳಿಗೆ ರಜೆ. ಮಲ್ಪೆಯ ದಕ್ಕೆಯಲ್ಲಿ ಅದು ರಿಪೇರಿಯ ಕಾಲ. ಗ್ಯಾಸ್ಕೆಟ್ ಹೋದ ಎಂಜಿನ್ನಿನ ಹೆಡ್ ಬಿಚ್ಚಿ, ಅಂಟಿಕೊಂಡದ್ದನ್ನು ಕೆರೆದು ತೆಗೆದು, ಹೊಸದನ್ನು ಕೂರಿಸಿ, ನಡುವಿನ ಬೋಲ್ಟಿನಿಂದ ಹೊರಕ್ಕೆ ಸಾಗುತ್ತ ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತಾರೆ. ಟಾರ್ಕ್ ರೆಂಚು ‘ಟಕ್’ ಅಂದಿತೆಂದರೆ ಕಂಪನಿ ಹೇಳಿದ ಅಳತೆ ಮುಟ್ಟಿತು.

ಕೆಲಸ ಮುಗಿಯಿತೆ? ಹಳೆಯ ಮಾದರಿಯ ಹಲವು ಎಂಜಿನ್ನುಗಳಲ್ಲಿ ಇಲ್ಲ. ಎಂಜಿನ್ ಓಡಿಸಿ, ಚೆನ್ನಾಗಿ ಕಾಯಿಸಿ, ತಣಿದ ಮೇಲೆ ಅವೇ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು.

ಕಡಲಿಗೆ ಹಾಲೆರೆದು, ತೆಂಗಿನಕಾಯಿ ಒಪ್ಪಿಸಿ ನೀರಿಗಿಳಿಯುವ ಜನ ಇವರು. ಭಾರವನ್ನು ದೇವರ ಮೇಲೆ ಹಾಕಿದವರಿಗೆ, ಅದೂ ಅಳತೆ ನೋಡಿಯೇ ಬಿಗಿದವರಿಗೆ, ಮತ್ತೆ ಸ್ಪ್ಯಾನರ್ ಯಾಕೆ? ಬೋಲ್ಟು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ದಾರ್ಶನಿಕರು ಇದೇ ಜಗಳ ಆಡಿದ್ದರು. ಒಂದು ತಿಳಿವಳಿಕೆ ಸರಿಯೆಂದು ಗೊತ್ತಾಗುವುದು ಹೇಗೆ? ಸುಳ್ಳೆಂದು ತೋರುವವರೆಗೂ ಅದು ತನ್ನಷ್ಟಕ್ಕೇ ಸರಿ ಎಂದರು ಮೀಮಾಂಸಕರು. ಸ್ವತಃ ಪ್ರಾಮಾಣ್ಯ ಎಂದರೆ ಇದೇ. ನೈಯಾಯಿಕರು ಒಪ್ಪಲಿಲ್ಲ. ದೂರದಲ್ಲಿ ನೀರು ಕಂಡರೆ ಸಾಲದು, ಹೋಗಿ ಕುಡಿದು ಬಾಯಾರಿಕೆ ತೀರಿದ ಮೇಲೆ ಕಂಡದ್ದು ನೀರೇ ಎನ್ನಬಹುದು ಎಂದರು.

ದಕ್ಕೆಯ ಮೆಕ್ಯಾನಿಕ್ ನೈಯಾಯಿಕರ ಕಡೆಯವನು. ಅದಕ್ಕೆ ಕಾರಣ ಲೋಹದೊಳಗೇ ಇದೆ. ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ತುಸು ಹಿಗ್ಗುತ್ತದೆ. ಮತ್ತೆ ಕುಗ್ಗಲು ಅದು ಎಳೆಯುವ ಎಳೆತವೇ ಹೆಡ್ಡಿನ ಹಿಡಿತ. ಕಾವು ತಗುಲಿದ ಗ್ಯಾಸ್ಕೆಟ್ ಅದುಮಿಕೊಂಡು ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ತೆಳುವಾದರೂ ಸಾಕು, ಆ ಎಳೆತ ಸಡಿಲುತ್ತದೆ. ಬೋಲ್ಟು ತಿರುಗಿಲ್ಲ, ಯಾರೂ ಮುಟ್ಟಿಲ್ಲ, ಆದರೂ ನಿನ್ನೆಯ ಸತ್ಯ ಇಂದು ಹಾಗೇ ಉಳಿದಿಲ್ಲ.

ಸೋಜಿಗವೆಂದರೆ ನಿನ್ನೆಯ ‘ಟಕ್’ ಕೂಡ ಹಿಡಿತವನ್ನು ಅಳೆದದ್ದಲ್ಲ. ರೆಂಚು ತೋರಿಸುವುದು ತಿರುಗಿಸಲು ಬೇಕಾದ ಬಲವನ್ನು. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆಯುವುದು ಉಳಿದ 10 ಪಾಲು. ಹಿಡಿತ ಇಷ್ಟಿದೆ ಎನ್ನುವುದು ಅನುಮಾನ ಪ್ರಮಾಣ, ಪ್ರತ್ಯಕ್ಷವಲ್ಲ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು, ಬೆಂಕಿ ಕಂಡಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಹೊಗೆ ಬರಲು ಕಟ್ಟಿಗೆ ಹಸಿಯಿರಬೇಕು. ಆ ಷರತ್ತಿಗೆ ತಾರ್ಕಿಕರು ಉಪಾಧಿ ಎಂದರು. ಇಲ್ಲಿನ ಉಪಾಧಿ ಚೊಕ್ಕಟವಾದ, ಎಣ್ಣೆ ಸವರಿದ ಥ್ರೆಡ್. ಉಪ್ಪುನೀರಿನ ತುಕ್ಕು ಹಿಡಿದಿದ್ದರೆ ಹಿಡಿತ ಬರುವ ಮೊದಲೇ ರೆಂಚು ‘ಟಕ್’ ಎನ್ನುತ್ತದೆ. ಎರಡನೆಯ ಸುತ್ತಿನಲ್ಲಿ ಪಳಗಿದ ಕೈ ಒಂದೊಂದೇ ಬೋಲ್ಟನ್ನು ಮೊದಲು ತುಸು ಸಡಿಲಿಸಿ ಬಳಿಕ ಬಿಗಿಯುವುದೂ ಇದಕ್ಕೇ. ಕಚ್ಚಿಕೊಂಡ ಬೋಲ್ಟು ಸುಳ್ಳು ಹೇಳುತ್ತದೆ.

ಹಾಗಾದರೆ ಮೂರನೆಯ ಸಲ? ನಾಲ್ಕನೆಯದು? ಪರೀಕ್ಷೆಗೂ ಪರೀಕ್ಷೆ ಬೇಕೆಂದರೆ ಕೊನೆಯೇ ಇಲ್ಲ. ಅನವಸ್ಥೆ ಎಂಬ ದೋಷ ಬರುತ್ತದೆ. ಇದಕ್ಕೆ ಉತ್ತರ ಹುಡುಕಲು ಮಲ್ಪೆಯಿಂದ ದೂರ ಹೋಗಬೇಕಿಲ್ಲ. ಅಲ್ಲಿಯೇ ಬಿರುಗಾಳಿಗೆ ಸಿಕ್ಕ ಹಡಗಿನಿಂದ ಉಡುಪಿಯ ಕೃಷ್ಣನನ್ನು ಪಡೆದರೆಂದು ಸಂಪ್ರದಾಯ ಹೇಳುವ 13ನೆಯ ಶತಮಾನದ ಮಧ್ವಾಚಾರ್ಯರು ನಮ್ಮೊಳಗಿನ ಸಾಕ್ಷಿಯ ಮಾತನ್ನಾಡಿದರು. ಅರಿವನ್ನೂ ಅದು ಸರಿಯೆಂಬುದನ್ನೂ ಸಾಕ್ಷಿಯೇ ಗ್ರಹಿಸುತ್ತದೆ. ಶಂಕೆ ಎದ್ದಲ್ಲಿ ಪರೀಕ್ಷೆ ಬೇಕು, ಶಂಕೆ ಕಳೆದ ಮೇಲೆ ಬೇಡ. ವರ್ಕ್‌ಶಾಪಿನಲ್ಲಿ ಇದು ಶಾಸ್ತ್ರಾರ್ಥವಲ್ಲ, ದುಡ್ಡಿನ ಪ್ರಶ್ನೆ. ಶಂಕೆ ತೀರದವನು ಬಿಗಿಯುತ್ತಲೇ ಹೋದರೆ ಬೋಲ್ಟು ಮಿತಿ ಮೀರಿ ಹಿಗ್ಗಿ, ಮತ್ತೆ ಕುಗ್ಗದೆ, ಹಿಡಿತ ಬಿಡುತ್ತದೆ ಅಥವಾ ತುಂಡಾಗುತ್ತದೆ. ಕಡಲ ನಡುವೆ ಕೈಕೊಟ್ಟ ಎಂಜಿನ್ನಿಗೆ ಮಾಲೀಕನ ಭಕ್ತಿ ಎಷ್ಟಿತ್ತೆಂಬುದು ಗೊತ್ತಾಗುವುದಿಲ್ಲ.

ಆದ್ದರಿಂದ ಮತ್ತೆ ಬಿಗಿಯುವುದು ಅಪನಂಬಿಕೆಯಲ್ಲ. ಕಾರಣವಿರುವ ಶಂಕೆಗೆ ಕೊಟ್ಟ ಉತ್ತರ. ಕಾರಣವೇ ಇಲ್ಲದ ಕಡೆ ಅದೇ ಕೆಲಸ ಬರೀ ಅಭ್ಯಾಸಬಲ. ಉಕ್ಕಿನ ಹಲವು ಪದರಗಳ ಹೊಸ ಗ್ಯಾಸ್ಕೆಟ್ ಸಾಮಾನ್ಯವಾಗಿ ಎರಡನೆಯ ಸುತ್ತು ಕೇಳುವುದಿಲ್ಲ. ಕೋನ ಅಳೆದು ಬಿಗಿಯುವ ಬೋಲ್ಟುಗಳಲ್ಲಿ ಹಲವು ಒಂದೇ ಬಳಕೆಗೆ ಮಾಡಿದವು. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಎಂಜಿನ್ನಿನ ಕೈಪಿಡಿ ಏನು ಹೇಳುತ್ತದೆಂದು ನೋಡಿಕೊಳ್ಳಿ.