ಮುಪ್ಪಿನ ಆಯುಧ

ಆಯುಧಕ್ಕೆ ವಯಸ್ಸಾದರೆ ಅದರ ಕ್ರೌರ್ಯವೂ ಕಳೆದುಹೋಗುತ್ತದೆಯೆ? ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸೀಮೆಯಲ್ಲಿರುವ ನಮ್ಮಂಥವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಯಲಹಂಕದ ವಾಯುನೆಲೆ ನಮಗೆ ನೆರೆಮನೆ. 1996ರಲ್ಲಿ ಮೊದಲಾದ ಏರೋ ಇಂಡಿಯಾ ಪ್ರದರ್ಶನದ ದಿನಗಳು ಬಂದವೆಂದರೆ, ರಸ್ತೆಬದಿಯಲ್ಲಿ ಸ್ಕೂಟರು ನಿಲ್ಲಿಸಿ, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಜನ ಆಕಾಶ ನೋಡುತ್ತಾರೆ. ನಾನೂ ನೋಡಿದ್ದೇನೆ, ನೋಡಿ ಹಿಗ್ಗಿದ್ದೇನೆ. ಆ ಹಿಗ್ಗು ಸರಿಯೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಮಾತು.

2019ರ ಪ್ರದರ್ಶನದಲ್ಲಿ ಹಳೆಯ ಡಕೋಟಾ ವಿಮಾನವೊಂದು ಹಾರಿತು. ಗುಜರಿ ಸೇರಿದ್ದ ಅದನ್ನು ರಾಜೀವ್ ಚಂದ್ರಶೇಖರ್ ಅವರು ಕೊಂಡು, ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. ಹೆಸರು ಪರಶುರಾಮ, ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಮೊದಲ ಸೈನಿಕರನ್ನು ಹೊತ್ತೊಯ್ದ ಡಕೋಟಾದ ಸಂಖ್ಯೆ ಅದು. ಆ ವಿಮಾನ ಬೇರೆ, ಈ ವಿಮಾನ ಬೇರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವಂತೆ ಸಂಖ್ಯೆಯನ್ನು ಇದಕ್ಕೆ ಇಟ್ಟಿದ್ದಾರೆ. ಜೆಟ್ಟುಗಳ ಅಬ್ಬರದ ನಡುವೆ ಎರಡು ಪ್ರೊಪೆಲರು ತಿರುಗಿಸಿಕೊಂಡು ಸಾಗುವ ಈ ಮುದಿ ವಿಮಾನವನ್ನು ಕಂಡರೆ ಯಾರಿಗಾದರೂ ಅಕ್ಕರೆ ಹುಟ್ಟೀತು.

ಡಕೋಟಾ ಹೊರೆ ಹೊರುವ ವಿಮಾನ. ಅದನ್ನು ಮೆಚ್ಚುವುದು ಸುಲಭ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಮಾರುತ್ ಹಾಗಲ್ಲ. ಅದು ಹೊಡೆಯುವುದಕ್ಕೆಂದೇ ಹುಟ್ಟಿದ್ದು. 1961ರಲ್ಲಿ ಇದೇ ಬೆಂಗಳೂರಿನಲ್ಲಿ ಮೊದಲು ಹಾರಿ, 1971ರ ಯುದ್ಧದಲ್ಲಿ ಕಾದಿತು. ರೂಪಿಸಿದ ತಂಡದ ಹಿರಿಯ ಜರ್ಮನಿಯ ಕುರ್ಟ್ ಟ್ಯಾಂಕ್. ಹಿಟ್ಲರನ ವಾಯುಪಡೆಗೆ ಫೋಕೆ ವುಲ್ಫ್ 190 ಎಂಬ ಯುದ್ಧವಿಮಾನವನ್ನು ಕೊಟ್ಟದ್ದೂ ಅದೇ ಕೈ. ಒಂದೇ ಜಾಣ್ಮೆ ಅಲ್ಲಿ ಒಬ್ಬರಿಗೆ, ಇಲ್ಲಿ ಇನ್ನೊಬ್ಬರಿಗೆ ದುಡಿಯಿತು. “ಯಂತ್ರಕ್ಕೆ ಪಾಪಪುಣ್ಯವೆಲ್ಲಿ ಬಂತು ಸ್ವಾಮಿ?” ಎನ್ನುತ್ತಾರೆ ನನ್ನ ಸಹೋದ್ಯೋಗಿ, ಭೌತಶಾಸ್ತ್ರದ ಮೇಷ್ಟರು. ಒಪ್ಪಿದೆ. ಆದರೆ ನೋಡುವವನಿಗೆ ಉಂಟಲ್ಲ?

ನಮ್ಮ ಊರುಗಳ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಶಿಲ್ಪಿ ಕತ್ತಿಯನ್ನೂ ಕೆತ್ತಿದ್ದಾನೆ. ಆದರೆ ಕಲ್ಲು ನಿಂತದ್ದು ಕತ್ತಿಗಾಗಿ ಅಲ್ಲ, ತುರು ಕಾಯಲು ಹೋಗಿ ಸತ್ತವನಿಗಾಗಿ. ಆ ಕತ್ತಿ ತುಕ್ಕು ಹಿಡಿದು ಎಲ್ಲಿ ಮಣ್ಣಾಯಿತೊ ಯಾರೂ ಕೇಳಲಿಲ್ಲ. ವೀರಗಲ್ಲೂ ಪಕ್ಷಪಾತಿಯೆ, ಸ್ವರ್ಗವನ್ನು ತನ್ನ ಕಡೆಯವನಿಗೆ ಮಾತ್ರ ಕೊಡುತ್ತದೆ. ಆದರೂ ಇಲ್ಲಿ ಒಂದು ಸಾವಾಯಿತು ಎಂಬುದನ್ನು ಅದು ಮುಚ್ಚಿಡುವುದಿಲ್ಲ.

ವಿಮಾನದ ವಿಷಯದಲ್ಲಿ ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ಕತ್ತಿಗೆ ಎಣ್ಣೆ ಹಚ್ಚಿ ಹೊಳಪು ಕೊಡುತ್ತೇವೆ. ವೇಗವೆಷ್ಟು, ರೆಕ್ಕೆ ಎಷ್ಟು ಉದ್ದ ಎಂದು ಕೇಳುತ್ತೇವೆ. ಅಂದು ಡಕೋಟಾದಲ್ಲಿ ಶ್ರೀನಗರಕ್ಕೆ ಇಳಿದ ಪಡೆಯ ನಾಯಕ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಬಾರಾಮುಲ್ಲಾದ ಬಳಿಯ ಮೊದಲ ಕಾಳಗದಲ್ಲೇ ಮಡಿದರೆಂಬುದು ವಿಪಿ 905ನ್ನು ನೋಡಿ ಚಪ್ಪಾಳೆ ತಟ್ಟಿದ ಎಷ್ಟು ಮಂದಿಗೆ ಗೊತ್ತು? ಅದೇ 2019ರ ಪ್ರದರ್ಶನದ ಮುನ್ನಾದಿನ, ಫೆಬ್ರವರಿ 19ರಂದು, ಅಭ್ಯಾಸ ನಡೆಸುತ್ತಿದ್ದ ಸೂರ್ಯಕಿರಣ ತಂಡದ ಎರಡು ವಿಮಾನಗಳು ಯಲಹಂಕದಲ್ಲಿ ಒಂದಕ್ಕೊಂದು ಬಡಿದು ಒಬ್ಬ ಪೈಲಟ್ ತೀರಿಕೊಂಡರು. ಲೋಹದೊಳಗೆ ಮನುಷ್ಯನಿದ್ದಾನೆಂಬುದು ಆ ಒಂದು ದಿನ ಎಲ್ಲರಿಗೂ ಕಂಡಿತು.

ಹಾಗೆಂದು ಹಳೆಯ ವಿಮಾನಗಳನ್ನು ಹಾರಿಸಬಾರದೆನ್ನಲಾರೆ. ಗಾಜಿನ ಹಿಂದೆ ಮೂಕವಾಗಿ ನಿಲ್ಲುವುದಕ್ಕಿಂತ ಹಾರುವುದೇ ಮೇಲು. ಹಾರಿದಾಗ ಅದರ ಶಬ್ದ ಕೇಳುತ್ತದೆ. ಆ ಶಬ್ದಕ್ಕೆ ಮನೆಯಿಂದ ಹೊರಗೆ ಓಡಿಬರುವವರು ನಾವು. ಅಂಥದೇ ಶಬ್ದಕ್ಕೆ ಮಕ್ಕಳನ್ನು ಎಳೆದುಕೊಂಡು ಒಳಗೆ ಓಡುವವರು ಜಗತ್ತಿನಲ್ಲಿ ಇಂದಿಗೂ ಇದ್ದಾರೆ. ಹೊರಗೆ ಓಡಿಬರುವುದು ದೊಡ್ಡ ಭಾಗ್ಯ. ಅದು ನಮ್ಮ ಸ್ವಂತ ಸಂಪಾದನೆಯಲ್ಲ. ಇಷ್ಟು ನೆನಪಿಟ್ಟುಕೊಂಡು ನೋಡಿದರೆ ನಮ್ಮ ಹಿಗ್ಗಿಗೆ ದೋಷವಿಲ್ಲವೆಂದು ನನ್ನ ಎಣಿಕೆ.