ಗುರಿ ಯಾರದು, ಹೊಣೆ ಯಾರದು?

ನೀವು ಒಂದು ಸಂಸ್ಥೆಯಲ್ಲಿ ದುಡಿಯುವವರಾಗಿದ್ದರೆ ನಿಮಗೆ ನಿಮ್ಮದೇ ಗುರಿಗಳಿರುತ್ತವೆ. ಬಡ್ತಿ ಸಿಗಬೇಕು, ಸಂಬಳ ಹೆಚ್ಚಬೇಕು, ಮನೆ ನಡೆಯಬೇಕು. ಸಂಸ್ಥೆಗೂ ಅದರದೇ ಗುರಿಯಿರುತ್ತದೆ. ಇವೆರಡೂ ಒಂದೇ ದಿಕ್ಕಿನಲ್ಲಿ ಸಾಗಬೇಕೆಂದು ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ. ಆದರೆ ಸಂಸ್ಥೆಯ ನಿಜವಾದ ಗುರಿ ಯಾವುದು? ಅದು ಹುಟ್ಟಿಕೊಂಡ ಉದ್ದೇಶವೇ ಅಥವಾ ತಿಂಗಳ ಕೊನೆಗೆ ಮೇಲಧಿಕಾರಿ ಕೇಳುವ ಅಂಕಿಯೇ?

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಉದಾಹರಣೆಯನ್ನೇ ನೋಡಿ. ಖಾತೆ, ಕಾರ್ಡು, ಸಾಲ ಹೀಗೆ ಪ್ರತಿ ಗ್ರಾಹಕನಿಗೂ ಎಂಟು ಸೇವೆಗಳನ್ನು ಮಾರಬೇಕೆಂಬುದು ಅದರ ಗುರಿಯಾಗಿತ್ತು. ಶಾಖೆಯ ನೌಕರನಿಗೂ ಅದರ ಪಾಲು ಹಂಚಲಾಗಿತ್ತು. ಮುಟ್ಟಿದವನಿಗೆ ಬಹುಮಾನ, ಮುಟ್ಟದವನಿಗೆ ಕೆಲಸ ಹೋಗುವ ಭಯ. ಹೀಗೆ ಸಂಸ್ಥೆಯ ಗುರಿಯೂ ನೌಕರನ ಗುರಿಯೂ ಒಂದೇ ಆದವು. ಪರಿಣಾಮವೇನಾಯಿತು? ಗ್ರಾಹಕರಿಗೆ ತಿಳಿಯದಂತೆಯೇ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆಯಲಾಯಿತು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ನೌಕರರನ್ನು ವಜಾಗೊಳಿಸಿದ ಸಂಗತಿಯೂ ಆಗ ಬೆಳಕಿಗೆ ಬಂತು. ಅಂತಹ ಖಾತೆಗಳು 35 ಲಕ್ಷದವರೆಗೆ ಇರಬಹುದೆಂದು 2017ರಲ್ಲಿ ಬ್ಯಾಂಕೇ ತಿಳಿಸಿತು. 2020ರಲ್ಲಿ ಅದು ಮತ್ತೆ 300 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಇಲ್ಲಿ ಹೊಣೆ ಯಾರದು? ಮೇಲಿನವರು ಹೇಳಿದ್ದನ್ನು ಮಾಡಿದೆ ಎಂಬ ಮಾತಿನಿಂದ ಸುಳ್ಳು ಸಹಿ ನಿಜವಾಗದು. ಮಕ್ಕಳ ಶಾಲಾ ಶುಲ್ಕ ಕಟ್ಟಬೇಕಾದವನಿಗೆ "ಆಗದು" ಎನ್ನುವುದು ಕಷ್ಟ ನಿಜ. ಕಷ್ಟವು ಹೊಣೆಯನ್ನು ಹಗುರಗೊಳಿಸಬಹುದು, ಅಳಿಸಲಾರದು. ಹಾಗೆಯೇ ಎಟುಕದ ಗುರಿಯನ್ನು ಹೇರಿ, ಅದನ್ನು ಹೇಗೆ ಮುಟ್ಟಿದೆ ಎಂದು ಒಮ್ಮೆಯೂ ವಿಚಾರಿಸದ ಯಜಮಾನನು ಕೆಳಗಿನವರನ್ನು ಹೊರಹಾಕಿ ತಾನು ಶುದ್ಧನಾಗಲು ಸಾಧ್ಯವೇ? ತಪ್ಪಿನ ಬೀಜ ಬಿತ್ತಿದವನಿಗೂ ಫಸಲಿನಲ್ಲಿ ಪಾಲಿದೆ.

ಜನರು ನಂಬಿ ಇಟ್ಟ ಹಣವನ್ನು ಕಾಯುವುದು ಬ್ಯಾಂಕಿನ ಉದ್ದೇಶ. ಎಂಟು ಎಂಬ ಅಂಕಿ ಆ ನಂಬಿಕೆಯ ಅಳತೆಗೋಲಾಗಬೇಕಿತ್ತು. ಅಳತೆಗೋಲೇ ಗುರಿಯಾದಾಗ ನಂಬಿಕೆಯು ಮಾರಾಟದ ಸರಕಾಯಿತು. ಆ ಅಂಕಿಯ ಮುಂದೆ "ಇಲ್ಲ" ಎಂದ ನೌಕರನೇ ವಸ್ತುತಃ ಸಂಸ್ಥೆಗೆ ನಿಷ್ಠನಾಗಿದ್ದ.

ನೀವು ಯಜಮಾನರಾಗಿದ್ದರೆ ಗುರಿ ಕೊಡುವಾಗ ಅದರ ದಾರಿಯನ್ನೂ ಕೇಳಿರಿ. ನೌಕರರಾಗಿದ್ದರೆ ಸಹಿ ಹಾಕುವ ಮುನ್ನ ಒಂದು ಕ್ಷಣ ಯೋಚಿಸಿರಿ: ಈ ಕಾಗದವನ್ನು ಗ್ರಾಹಕನ ಕೈಗಿತ್ತು, ಅವನ ಮುಖ ನೋಡಿ ವಿವರಿಸಲು ನನ್ನಿಂದಾದೀತೇ?